ಹೆಲಿಕಾಪ್ಟರ್‌ನಿಂದ ತೆಗೆದ ಮ್ಯಾಪಿಂಗ್ ಫೋಟೋ ಸರಿ ಬಂದಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕೋ ದಾರಿ

ಹೆಲಿಕಾಪ್ಟರ್‌ನಿಂದ ಒಂದು ಜಾಗದ ಫೋಟೋ ತೆಗೆದು ಮ್ಯಾಪ್ ಮಾಡೋ ಕೆಲಸದಲ್ಲಿ ಏನಾದ್ರೂ ಎಡವಟ್ಟಾಗಿದ್ರೆ ಅದು ಗೊತ್ತಾಗೋದು ಹೆಚ್ಚಾಗಿ ಹಾರಾಟ ಎಲ್ಲಾ ಮುಗಿದು ಕಂಪ್ಯೂಟರ್ ಮುಂದೆ ಕೂತಾಗ. ಫೋಟೋಗಳು ಒಂದಕ್ಕೊಂದು ಅಲೈನ್ ಆಗಲ್ಲ, ಆರ್ಥೋದಲ್ಲಿ (ಫೋಟೋಗಳನ್ನ ಸೇರಿಸಿ ಮಾಡಿದ, ಅಳತೆ ಸರಿ ಇರೋ ಮ್ಯಾಪ್ ಚಿತ್ರ) ನೇರ ಇರೋ ರಸ್ತೆ ಮುರಿದು ಕಾಣತ್ತೆ, ಸಮತಟ್ಟಾದ ಬಯಲು ಮಧ್ಯದಲ್ಲಿ ಉಬ್ಬಿರತ್ತೆ, ಇಲ್ಲಾಂದ್ರೆ ಇಡೀ ಮ್ಯಾಪೇ ಅರ್ಧ ಕಿಲೋಮೀಟರ್ ಪಕ್ಕಕ್ಕೆ ಹೋಗಿ ಕೂತಿರತ್ತೆ. ಆಗ ತುಂಬಾ ಜನ ಮೊದಲು ಕೈ ಹಾಕೋದು ಸಾಫ್ಟ್‌ವೇರ್ ಸೆಟ್ಟಿಂಗ್ಸ್‌ಗೆ, ಅಲೈನ್‌ಮೆಂಟ್ ಹೈ ಮಾಡಿ ನೋಡೋದು, ಕ್ಯಾಲಿಬ್ರೇಶನ್ (ಲೆನ್ಸ್ ವಕ್ರತೆಯ ಲೆಕ್ಕ) ಬಿಟ್ಟು ನೋಡೋದು, ಕಂಟ್ರೋಲ್ ಪಾಯಿಂಟ್ (ನೆಲದ ಮೇಲೆ ನಿಖರವಾಗಿ ಅಳೆದ ಗುರುತು) ಒಂದೆರಡು ತೆಗೆದು ನೋಡೋದು, ಹಿಂಗೆ ತಿರುವ್ತಾ ತಿರುವ್ತಾ ದಿನ ಹೋಗತ್ತೆ, ಅದಕ್ಕಿಂತ ಕೆಟ್ಟದ್ದು ಏನಂದ್ರೆ ನಿಜವಾದ ತಪ್ಪು ನಂಬರ್‌ಗಳ ಕೆಳಗೆ ಮುಚ್ಚಿಹೋಗಿ ಮ್ಯಾಪ್ ನೋಡೋಕೆ ಮಾತ್ರ ಚೆನ್ನಾಗಿ ಕಾಣೋ ಹಂಗಾಗ್ಬಿಡತ್ತೆ.

ನಾನು ಹೇಳೋದು ಇಷ್ಟೇ. ಯಾವ ಸೆಟ್ಟಿಂಗನ್ನೂ ಮುಟ್ಟೋಕೆ ಮುಂಚೆ, ಈ ತಪ್ಪು ಯಾವುದರ ಜೊತೆ ಓಡಾಡ್ತಾ ಇದೆ ಅಂತ ನೋಡಿ. ಹೆಲಿಕಾಪ್ಟರ್ ಹೋಗೋ ದಿಕ್ಕು ತಿರುಗಿದ್ರೆ ತಪ್ಪೂ ತಿರುಗತ್ತಾ? ಪ್ರತಿ ಫೋಟೋದಲ್ಲೂ ಫ್ರೇಮಿನ ಅದೇ ಮೂಲೆಯಲ್ಲಿ ಇದ್ಯಾ? ನೆಲದ ಮೇಲೆ ಒಂದೇ ಜಾಗಕ್ಕೆ ಅಂಟಿಕೊಂಡಿದ್ಯಾ? ಇಂತಾ ಫೋಟೋ ಆದ್ಮೇಲೆ ಶುರುವಾಯ್ತು ಅನ್ನೋ ಹಂಗಿದ್ಯಾ? ಸ್ಪೀಡ್ ಜಾಸ್ತಿ ಇದ್ದಾಗ ಜಾಸ್ತಿ ಆಗತ್ತಾ? ಈ ಐದು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಮುಕ್ಕಾಲು ಪಾಲು ದೋಷಗಳ ಮೂಲ ತಾನಾಗೇ ಗೊತ್ತಾಗತ್ತೆ.

ಲೆಕ್ಕಕ್ಕೆ ಅಂತ ಒಂದು ಹಾರಾಟ ಇಟ್ಕೊಳ್ಳೋಣ, ಮುಂದೆ ಎಲ್ಲಾ ಕಡೆ ಇದೇ ನಂಬರ್ ಬಳಸ್ತೀನಿ. ನೆಲದಿಂದ 500 ಮೀಟರ್ ಎತ್ತರ, ನೆಲದ ಮೇಲಿನ ಸ್ಪೀಡ್ 60 ನಾಟ್ ಅಂದ್ರೆ ಸೆಕೆಂಡಿಗೆ ಸುಮಾರು 31 ಮೀಟರ್. ಫುಲ್ ಫ್ರೇಮ್ ಕ್ಯಾಮೆರಾ, ಸೆನ್ಸರ್ 36 ಬೈ 24 ಮಿಲಿಮೀಟರ್, ಪಿಕ್ಸೆಲ್ 4.5 ಮೈಕ್ರಾನ್, 50 ಮಿಲಿಮೀಟರ್ ಲೆನ್ಸ್, ಕ್ಯಾಮೆರಾ ನೇರ ಕೆಳಗೆ ನೋಡ್ತಾ ಇದೆ, ಉದ್ದದ ಸೈಡ್ ಹೋಗೋ ದಿಕ್ಕಿಗೆ ಅಡ್ಡ ಇದೆ. ಆಗ ಒಂದು ಪಿಕ್ಸೆಲ್ ನೆಲದ ಮೇಲೆ 4.5 ಸೆಂಟಿಮೀಟರ್, ಒಂದು ಫೋಟೋ 360 ಮೀಟರ್ ಅಗಲ 240 ಮೀಟರ್ ಉದ್ದದ ಜಾಗ ಹಿಡಿಯತ್ತೆ.

ಫೋಟೋ ಮಸುಕಾಗಿದ್ರೆ

ಮೊದಲು ಫೋಟೋನ 100% ಜೂಮ್‌ನಲ್ಲಿ ಓಪನ್ ಮಾಡಿ, ಸ್ಕ್ರೀನಿಗೆ ಹೊಂದಿಸಿದ ಸೈಜಿನಲ್ಲಿ ನೋಡಿದ್ರೆ ಏನೂ ಗೊತ್ತಾಗಲ್ಲ. ಮಧ್ಯ ನೋಡಿ, ನಾಲ್ಕೂ ಮೂಲೆ ನೋಡಿ, ಆಮೇಲೆ ಅದರ ಹಿಂದಿನ ಮುಂದಿನ ನಾಲ್ಕೈದು ಫೋಟೋ ನೋಡಿ. ಮಸುಕು ಅಂತ ಒಂದೇ ಹೆಸರಲ್ಲಿ ಕರೆದ್ರೂ ಒಳಗೆ ಐದಾರು ಬೇರೆ ಬೇರೆ ದೋಷಗಳಿವೆ, ಒಂದಕ್ಕೆ ಮಾಡೋ ರಿಪೇರಿ ಇನ್ನೊಂದಕ್ಕೆ ನಡೆಯಲ್ಲ.

ಎಲ್ಲಾ ಫೋಟೋದಲ್ಲೂ ಮಸುಕು ಹೋಗೋ ದಿಕ್ಕಿಗೇ ಎಳೆದ ಹಾಗಿದೆ, ಅಡ್ಡಕ್ಕಿರೋ ಅಂಚುಗಳು ಮಂಜು, ಉದ್ದಕ್ಕಿರೋ ಅಂಚುಗಳು ಶಾರ್ಪ್ ಅಂದ್ರೆ ಅದು ಮುಂದಕ್ಕೆ ಹೋಗೋ ಚಲನೆಯಿಂದಲೇ ಬಂದಿದ್ದು. ಶಟರ್ 1/500 ಇದ್ರೆ ಅದು ತೆರೆದಿರೋ ಹೊತ್ತಲ್ಲಿ ಹೆಲಿಕಾಪ್ಟರ್ 6 ಸೆಂಟಿಮೀಟರ್ ಮುಂದೆ ಹೋಗಿರತ್ತೆ, ಅದು ಒಂದು ಪಿಕ್ಸೆಲ್‌ಗಿಂತ ಜಾಸ್ತಿ. 1/1000 ಅಂದ್ರೆ 3 ಸೆಂಟಿಮೀಟರ್, 1/2000 ಅಂದ್ರೆ ಒಂದೂವರೆ. ಅರ್ಧ ಪಿಕ್ಸೆಲ್ ಒಳಗೆ ಇಟ್ಕೊಳ್ಳೋದು ಒಳ್ಳೇ ಅಭ್ಯಾಸ, ಹಂಗಾಗಿ ಈ ಎತ್ತರ ಈ ಸ್ಪೀಡಿಗೆ 1/2000 ಬೇಕೇ ಬೇಕು. ಬೆಳಕು ಸಾಕಾಗಲ್ಲ ಅಂದ್ರೆ ಐಎಸ್‌ಒ ಏರಿಸಿ, ಸ್ವಲ್ಪ ನಾಯ್ಸ್ ಬಂದ್ರೆ ಸಾಫ್ಟ್‌ವೇರ್ ಹೆಂಗೋ ಪಾಯಿಂಟ್ ಹುಡುಕ್ಕೊಳ್ಳತ್ತೆ, ಆದ್ರೆ ಎಳೆದು ಹೋದ ಅಂಚನ್ನ ಯಾರೂ ವಾಪಸ್ ತರೋಕಾಗಲ್ಲ.

ಇನ್ನೊಂದು ಥರ. ಒಂದು ಫೋಟೋ ಚೆನ್ನಾಗಿದೆ, ಮುಂದಿನದು ಓರೆಯಾಗಿ ಎಳೆದಿದೆ, ಅದರ ಮುಂದಿನದು ಬೇರೆ ದಿಕ್ಕಿಗೆ ಎಳೆದಿದೆ, ಆಮೇಲೆ ಮತ್ತೆ ಚೆನ್ನಾಗಿದೆ. ಇದು ನಡುಕ. ಹೆಲಿಕಾಪ್ಟರ್ ಕೆಲಸದಲ್ಲಿ ಅತೀ ಹೆಚ್ಚು ಕಾಡೋದು ಇದೇ, ಆದ್ರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ.

ಎರಡು ಬ್ಲೇಡಿನ ಮೈನ್ ರೋಟರ್ ನಿಮಿಷಕ್ಕೆ ಸುಮಾರು 400 ಸುತ್ತು ತಿರುಗತ್ತೆ ಅಂತ ಇಟ್ಕೊಳ್ಳಿ, ಸಣ್ಣ ಹೆಲಿಕಾಪ್ಟರ್‌ಗಳಲ್ಲಿ ಇದೇ ಆಸುಪಾಸು. ಅಂದ್ರೆ ಸೆಕೆಂಡಿಗೆ 6.7 ಸುತ್ತು, ಎರಡು ಬ್ಲೇಡ್ ಇರೋದ್ರಿಂದ ಹೆಲಿಕಾಪ್ಟರ್ ಮೈಗೆ ಬಡಿಯೋ ಮುಖ್ಯ ನಡುಕ 13 ಹರ್ಟ್ಜ್ ಆಸುಪಾಸು. ಟೈಲ್ ರೋಟರ್, ಇಂಜಿನ್, ಗೇರ್‌ಬಾಕ್ಸ್ ಇವು ಇನ್ನೂ ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಸೇರ್ಕೊಳ್ತವೆ. ಈಗ ಕ್ಯಾಮೆರಾ ಬರೀ 0.1 ಡಿಗ್ರಿ ಆ ಕಡೆ ಈ ಕಡೆ ಅಲ್ಲಾಡ್ತಾ ಇದೆ ಅನ್ಕೊಳ್ಳಿ, ಕಣ್ಣಿಗೆ ಕಾಣೋದೂ ಕಷ್ಟ. ಆದ್ರೆ 13 ಹರ್ಟ್ಜ್‌ನಲ್ಲಿ ಅಷ್ಟು ಅಲ್ಲಾಡಿದ್ರೆ ಜೋರಾಗಿರೋ ಕ್ಷಣದಲ್ಲಿ ಸೆಕೆಂಡಿಗೆ 8 ಡಿಗ್ರಿ ವೇಗ ಬರತ್ತೆ, 1/1000 ಶಟರಲ್ಲಿ ಅದು ಒಂದೂವರೆ ಪಿಕ್ಸೆಲ್ ಮಸುಕು. ಅಲ್ಲಾಟದ ತುದಿಯಲ್ಲಿ ಕ್ಯಾಮೆರಾ ಒಂದು ಕ್ಷಣ ನಿಂತ ಹಾಗಿರತ್ತಲ್ಲ, ಆ ಹೊತ್ತಿಗೆ ಸಿಕ್ಕಿದ ಫೋಟೋ ಶಾರ್ಪ್ ಆಗಿರತ್ತೆ, ಮಧ್ಯದಲ್ಲಿ ಸಿಕ್ಕಿದ್ದು ಹಾಳು. ಒಂದು ಚೆನ್ನಾಗಿ ಒಂದು ಕೆಟ್ಟು ಬರೋದು ಅದಕ್ಕೇ. ಇನ್ನೊಂದು ಗಮನಿಸಿ, ಈ ಮಸುಕಿಗೂ ಎತ್ತರಕ್ಕೂ ಸಂಬಂಧ ಇಲ್ಲ, ಲೆನ್ಸಿಗೆ ಸಂಬಂಧ. 100 ಮಿಲಿಮೀಟರ್ ಲೆನ್ಸ್ ಹಾಕಿದ್ರೆ ಅದೇ ನಡುಕಕ್ಕೆ ಪಿಕ್ಸೆಲ್ ಲೆಕ್ಕದಲ್ಲಿ ಮಸುಕು ಎರಡು ಪಟ್ಟು. ಮೇಲಕ್ಕೆ ಹೋಗಿ ಉದ್ದ ಲೆನ್ಸ್ ಹಾಕಿದ್ರೆ ಸರಿ ಹೋಗತ್ತೆ ಅನ್ಕೊಂಡವರಿಗೆ ಆಗೋದು ಇದೇ.

ನಡುಕ ಅಂತ ಗೊತ್ತಾದ್ರೆ ಮೌಂಟ್ ನೋಡಿ. ಕ್ಯಾಮೆರಾನ ಸೀದಾ ಹೆಲಿಕಾಪ್ಟರ್ ಮೈಗೆ ಬೋಲ್ಟ್ ಹಾಕಿ ಬಿಗಿದಿದ್ರೆ ನಡುಕ ಪೂರ್ತಿ ಒಳಗೆ ಬರತ್ತೆ, ಇದು ಎಲ್ಲರಿಗೂ ಗೊತ್ತು. ಆದ್ರೆ ರಬ್ಬರ್ ಅಥವಾ ವೈರ್ ರೋಪ್ ಐಸೊಲೇಟರ್ (ನಡುಕ ತಡೆಯೋ ಮೆತ್ತನೆ ಜೋಡಣೆ) ಹಾಕಿದ ಮೇಲೂ ನಡುಕ ಜಾಸ್ತಿ ಆಗಬಹುದು ಅನ್ನೋದು ತುಂಬಾ ಜನಕ್ಕೆ ಹೊಳೆಯಲ್ಲ. ಪ್ರತಿ ಐಸೊಲೇಟರ್‌ಗೂ ಕ್ಯಾಮೆರಾ ತೂಕದ ಜೊತೆ ಸೇರಿ ಒಂದು ಸ್ವಂತ ಫ್ರೀಕ್ವೆನ್ಸಿ ಇರತ್ತೆ, ಬರೋ ನಡುಕ ಅದರ 1.4 ಪಟ್ಟಿಗಿಂತ ಮೇಲಿದ್ರೆ ಮಾತ್ರ ಅದು ತಡಿಯತ್ತೆ, ಅದರ ಹತ್ತಿರ ಇದ್ರೆ ನಡುಕವನ್ನ ದೊಡ್ಡದು ಮಾಡತ್ತೆ. 13 ಹರ್ಟ್ಜ್ ತಡೀಬೇಕು ಅಂದ್ರೆ ಮೌಂಟಿನ ಸ್ವಂತ ಫ್ರೀಕ್ವೆನ್ಸಿ 9ಕ್ಕಿಂತ ಕೆಳಗೆ ಇರ್ಲೇಬೇಕು, ನಿಜವಾಗಿ ಪ್ರಯೋಜನ ಆಗ್ಬೇಕಂದ್ರೆ 4-5 ಇರ್ಬೇಕು. 6.7ರ ಹತ್ತಿರ ಬಂದ್ರೆ ಸುತ್ತಿಗೊಂದು ಸಲ ಬರೋ ನಡುಕ ಹಿಡ್ಕೊಳ್ಳತ್ತೆ. ಹಗುರ ಕ್ಯಾಮೆರಾಗೆ ಗಟ್ಟಿ ರಬ್ಬರ್ ಹಾಕಿದ್ರೆ ಆಗೋ ಗತಿ ಇದು. ಕ್ಯಾಮೆರಾ ಪ್ಲೇಟಿಗೆ ತೂಕ ಸೇರಿಸಿ ನೋಡಿ, ಸ್ವಂತ ಫ್ರೀಕ್ವೆನ್ಸಿ ಇಳಿಯತ್ತೆ, ಎಷ್ಟೋ ಸಲ ಅಷ್ಟರಲ್ಲೇ ಸಮಸ್ಯೆ ಮುಗಿಯತ್ತೆ. ತೂಕ ಸೇರಿಸಿದ್ದನ್ನ ಪೈಲಟ್‌ಗೆ ಹೇಳೋದು ಮಾತ್ರ ಮರೀಬೇಡಿ, ವೇಟ್ ಅಂಡ್ ಬ್ಯಾಲೆನ್ಸ್ ಲೆಕ್ಕ ಅವರದ್ದು. ಹೊರಗಡೆ ಕಟ್ಟೋ ಯಾವ ಮೌಂಟೇ ಆದ್ರೂ ಆ ಹೆಲಿಕಾಪ್ಟರ್‌ಗೆ ಅಪ್ರೂವಲ್ ಇರೋದೇ ಆಗಿರ್ಬೇಕು.

ಮೌಂಟ್ ಸರಿ ಇದೆ, ಆದ್ರೂ ನಡುಕ ಬರ್ತಿದೆ ಅಂದ್ರೆ ಕೇಬಲ್ ನೋಡಿ. ಕ್ಯಾಮೆರಾದಿಂದ ಹೆಲಿಕಾಪ್ಟರ್ ಮೈಗೆ ಬಿಗಿಯಾಗಿ ಎಳೆದು ಟೈ ಹಾಕಿದ ಪವರ್ ಕೇಬಲ್, ಟ್ರಿಗರ್ ಕೇಬಲ್, ಸೇಫ್ಟಿ ತಂತಿ ಇವು ಐಸೊಲೇಟರನ್ನ ದಾಟಿ ನಡುಕನ ನೇರ ಕ್ಯಾಮೆರಾಗೆ ತಲುಪಿಸ್ತವೆ. ಕೇಬಲ್‌ಗೆ ಸಡಿಲವಾದ ಒಂದು ಲೂಪ್ ಬಿಡಿ, ಆದ್ರೆ ಗಾಳಿಗೆ ಬಡಿಯೋಷ್ಟು ಸಡಿಲ ಬೇಡ. ಆಮೇಲೆ ಗಾಳಿ. ಬಾಗಿಲು ತೆಗೆದು ಹಾರುವಾಗ ಲೆನ್ಸ್ ಮುಂಭಾಗ ಹೊರಗಿನ ಗಾಳಿಗೆ ಚಾಚ್ಕೊಂಡಿದ್ರೆ ಮೌಂಟ್ ಎಂಥದ್ದೇ ಆಗ್ಲಿ ಅಲ್ಲಾಡತ್ತೆ, ಒಂದಿಷ್ಟು ಒಳಗೆ ತಗೊಳ್ಳಿ. ಲೆನ್ಸ್ ಹುಡ್ ತೆಗೆದಿಡಿ, ಅದು ಕಿತ್ಕೊಂಡು ಹೋಗಿ ಟೈಲ್ ರೋಟರ್‌ಗೆ ಹೊಡೆದ್ರೆ ಅದು ಪ್ರಾಣದ ಪ್ರಶ್ನೆ. ಬಾಗಿಲಿಲ್ಲದ ಹಾರಾಟದಲ್ಲಿ ಸಡಿಲ ವಸ್ತು ಒಂದೂ ಇರಬಾರ್ದು, ಪೆನ್ನೂ ಸೇರಿ. ಕೈಯಲ್ಲೇ ಕ್ಯಾಮೆರಾ ಹಿಡಿದು ಓರೆ ಫೋಟೋ ತೆಗೆಯೋರು ಮೊಣಕೈನ ಬಾಗಿಲ ಚೌಕಟ್ಟಿಗೆ ಊರಬೇಡಿ, ಮೈಯೇ ಒಳ್ಳೇ ಐಸೊಲೇಟರ್.

ಮಸುಕು ಬಂತು ಅಂತ ಪೈಲಟ್‌ಗೆ ನಿಧಾನ ಹೋಗಿ ನಿಧಾನ ಹೋಗಿ ಅಂತ ಹೇಳೋ ಅಭ್ಯಾಸ ಇದೆ, ಇದರ ಬಗ್ಗೆ ಗಂಭೀರವಾಗಿ ಹೇಳ್ಬೇಕು. ಸುಮಾರು 10ರಿಂದ 24 ನಾಟ್ ಒಳಗೆ ರೋಟರ್ ಮೇಲೆ ಗಾಳಿ ಹರಿಯೋ ರೀತಿ ಬದಲಾಗ್ತಾ ಇರತ್ತೆ, ಆ ಸ್ಪೀಡಲ್ಲಿ ಇಡೀ ಹೆಲಿಕಾಪ್ಟರ್ ಎದ್ದು ಕಾಣೋ ಹಾಗೆ ನಡುಗತ್ತೆ, ಅಲ್ಲಿಗೆ ಇಳಿದ್ರೆ ಮುಂದಕ್ಕೆ ಎಳೆಯೋ ಮಸುಕು ಕಮ್ಮಿ ಆಗಿ ನಡುಕದ ಮಸುಕು ಏರತ್ತೆ. ಅದಕ್ಕಿಂತ ಮುಖ್ಯ, ಕಮ್ಮಿ ಎತ್ತರ ಮತ್ತು ಕಮ್ಮಿ ಸ್ಪೀಡ್ ಎರಡೂ ಒಟ್ಟಿಗೆ ಇದ್ದಾಗ ಇಂಜಿನ್ ನಿಂತ್ರೆ ಸುರಕ್ಷಿತವಾಗಿ ಇಳಿಸೋಕೆ ಆಗದ ಒಂದು ವಲಯ ಇದೆ, ಪ್ರತಿ ಹೆಲಿಕಾಪ್ಟರ್ ಮ್ಯಾನ್ಯುಯಲ್‌ನಲ್ಲೂ ಅದರ ಗ್ರಾಫ್ ಇರತ್ತೆ. ಪೈಲಟ್ ಆಗಲ್ಲ ಅಂದ್ರೆ ಆಗಲ್ಲ. ಶಟರ್ ಏರಿಸಿ, ಮೌಂಟ್ ಸರಿ ಮಾಡಿ.

ಈ ಎರಡನ್ನೂ ಬಿಟ್ಟು, ಎಲ್ಲಾ ಫೋಟೋನೂ ಒಂದೇ ಸಮ ಮಂಜಾಗಿದೆ, ಯಾವ ದಿಕ್ಕಿಗೂ ಎಳೆದಿಲ್ಲ ಅಂದ್ರೆ ಅದು ಫೋಕಸ್. ನಡುಕಕ್ಕೆ ಲೆನ್ಸ್ ರಿಂಗ್ ತಾನಾಗೇ ಜರುಗಿರತ್ತೆ. ಆಟೋಫೋಕಸ್ ಆಫ್ ಮಾಡಿ, ದೂರದ ವಸ್ತುವಿಗೆ ಫೋಕಸ್ ಮಾಡಿ, ರಿಂಗಿಗೆ ಟೇಪ್ ಸುತ್ತಿ. ಬರೀ ಮೂಲೆಗಳು ಮಂಜು ಅಂದ್ರೆ ಅಪರ್ಚರ್ ತುಂಬಾ ತೆರೆದಿದೆ, ಎಫ್ 5.6ರ ಆಸುಪಾಸಿಗೆ ತನ್ನಿ. ಒಂದೇ ಮೂಲೆ, ಪ್ರತಿ ಫೋಟೋದಲ್ಲೂ ಅದೇ ಮೂಲೆ, ಅದೂ ಕುದಿಯೋ ನೀರಿನ ಮೇಲಿನ ಗಾಳಿ ಥರ ಅಲೆಅಲೆಯಾಗಿ ಮಂಜು ಅಂದ್ರೆ ಇಂಜಿನ್ ಎಕ್ಸಾಸ್ಟಿನ ಬಿಸಿ ಗಾಳಿ ಲೆನ್ಸ್ ಮುಂದೆ ಹಾದುಹೋಗ್ತಾ ಇದೆ, ಹೋವರ್‌ನಲ್ಲಿ (ಗಾಳಿಯಲ್ಲಿ ಒಂದೇ ಕಡೆ ನಿಂತಾಗ) ಅಥವಾ ಹಿಂದಿನಿಂದ ಗಾಳಿ ಬೀಸುವಾಗ ಇದು ಜಾಸ್ತಿ. ಕ್ಯಾಮೆರಾ ಇರೋ ಸೈಡ್ ಬದಲಾಯಿಸದೆ ಇದಕ್ಕೆ ಬೇರೆ ಮದ್ದಿಲ್ಲ. ಇನ್ನು ಮೇಲೆ ತಂಪಲ್ಲಿ ಹಾರಿ ಕೆಳಗೆ ತೇವದ ಗಾಳಿಗೆ ಇಳಿದ ಕೂಡಲೇ ಫೋಟೋ ಹಾಲಿನ ಬಣ್ಣಕ್ಕೆ ತಿರುಗಿ ಹತ್ತು ನಿಮಿಷದಲ್ಲಿ ಸರಿ ಹೋದ್ರೆ ಅದು ಲೆನ್ಸ್ ಮೇಲೆ ಕೂತ ಹನಿ.

ಯಾವುದು ಅಂತ ಅನುಮಾನ ಇದ್ರೆ ಒಂದು ಸುಲಭದ ಪರೀಕ್ಷೆ ಇದೆ. ಒಂದೇ ಲೈನನ್ನ (ನೇರವಾಗಿ ಹಾರೋ ಒಂದು ದಾರಿ) ಒಂದೇ ಸ್ಪೀಡಲ್ಲಿ ಹಾರ್ತಾ ಶಟರ್ 1/500, 1/1000, 1/2000, 1/4000 ಹಿಂಗೆ ಬದಲಾಯಿಸಿ ತೆಗೀರಿ. ಶಟರ್ ವೇಗ ಏರಿದ ಹಾಗೆ ಮಸುಕು ಅರ್ಧ ಅರ್ಧ ಆಗ್ತಾ ಬಂದ್ರೆ ಚಲನೆ ಅಥವಾ ನಡುಕ. ಎಷ್ಟು ಏರಿಸಿದ್ರೂ ಹಂಗೇ ಇದ್ರೆ ಫೋಕಸ್, ಗಾಜು, ಬಿಸಿಗಾಳಿ ಇವುಗಳಲ್ಲಿ ಒಂದು. ಗಾಜು ಅಂದಾಗ ನೆನಪಾಯ್ತು, ಕ್ಯಾಬಿನ್ನಿನ ಬಾಗಿದ ಪ್ಲಾಸ್ಟಿಕ್ ಕಿಟಕಿಯ ಮೂಲಕ ಮ್ಯಾಪಿಂಗ್ ಫೋಟೋ ತೆಗೆಯೋ ಯೋಚನೆಯನ್ನೇ ಬಿಡಿ, ಆ ವಕ್ರತೆಯನ್ನ ಯಾವ ಕ್ಯಾಲಿಬ್ರೇಶನ್ನೂ ಪೂರ್ತಿ ಸರಿ ಮಾಡಲ್ಲ.

ಫೋಟೋ ಶಾರ್ಪ್ ಇದೆ, ಆದ್ರೂ ಆಕಾರ ಕೆಟ್ಟಿದೆ

ನೇರ ಇರ್ಬೇಕಾದ ಗೋಡೆ, ರಸ್ತೆ ಅಂಚು ಇವೆಲ್ಲ ಸಣ್ಣ ಅಲೆ ಥರ ಕಂಡ್ರೆ ಕ್ಯಾಮೆರಾ ಎಲೆಕ್ಟ್ರಾನಿಕ್ ಶಟರ್‌ನಲ್ಲಿದೆ. ಸೆನ್ಸರ್ ಸಾಲು ಸಾಲಾಗಿ ಓದ್ತಾ ಹೋಗುವಾಗ ಕ್ಯಾಮೆರಾ ನಡುಗಿದ್ರೆ ಅದು ಫೋಟೋದಲ್ಲಿ ಅಲೆಯಾಗಿ ಕೂರತ್ತೆ. ಮುಂದಕ್ಕೆ ಹೋಗೋದ್ರ ಪರಿಣಾಮ ಕಣ್ಣಿಗೆ ಕಾಣಲ್ಲ, ಆದ್ರೆ ಓದೋಕೆ 1/30 ಸೆಕೆಂಡ್ ಆಗೋ ಸೆನ್ಸರ್ ಆದ್ರೆ ಅಷ್ಟರಲ್ಲಿ ಹೆಲಿಕಾಪ್ಟರ್ ಒಂದು ಮೀಟರ್ ಹೋಗಿರತ್ತೆ, ಅಂದ್ರೆ ಫೋಟೋ 20 ಪಿಕ್ಸೆಲ್‌ಗೂ ಜಾಸ್ತಿ ಉದ್ದಕ್ಕೆ ಎಳೆದೋ ಕುಗ್ಗಿಯೋ ಇರತ್ತೆ, ಸಾಫ್ಟ್‌ವೇರ್ ಅದನ್ನ ಲೆನ್ಸಿನ ಗುಣ ಅಂತಲೋ ನೆಲದ ಎತ್ತರ ಅಂತಲೋ ತಪ್ಪು ತಿಳ್ಕೊಳ್ಳತ್ತೆ. ಮೆಕ್ಯಾನಿಕಲ್ ಶಟರ್ ಹಾಕಿ, ಲೀಫ್ ಶಟರ್ (ಲೆನ್ಸಿನ ಒಳಗೇ ಕೂರೋ ಶಟರ್) ಇರೋ ಲೆನ್ಸ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಕ್ಯಾಮೆರಾ ಒಳಗಿನ ಸ್ಟೆಬಿಲೈಸೇಶನ್ ಕಡ್ಡಾಯವಾಗಿ ಆಫ್. ಅದು ಸೆನ್ಸರನ್ನೋ ಲೆನ್ಸಿನ ಗಾಜನ್ನೋ ಜರುಗಿಸ್ತಾ ಇರತ್ತೆ, ಹಂಗಾಗಿ ಪ್ರತಿ ಫೋಟೋನೂ ಬೇರೆ ಬೇರೆ ಕ್ಯಾಮೆರಾದಲ್ಲಿ ತೆಗೆದ ಲೆಕ್ಕ ಆಗೋಗತ್ತೆ. ಜೂಮ್ ಲೆನ್ಸೂ ಅದೇ ಕಾರಣಕ್ಕೆ ಬೇಡ.

ಗ್ಯಾಪ್ ಬಿದ್ದಿದ್ರೆ

ಒಂದು ಬಿಟ್ಟು ಒಂದು ಲೈನಲ್ಲಿ ಫೋಟೋಗಳು ಒಂದರ ಮೇಲೊಂದು ಬೀಳೋ ಪಾಲು, ಅಂದ್ರೆ ಓವರ್‌ಲ್ಯಾಪ್ ಕಮ್ಮಿ ಅಂದ್ರೆ ಗಾಳಿ. ಪೈಲಟ್ 60 ನಾಟ್ ಏರ್‌ಸ್ಪೀಡಲ್ಲಿ (ಸುತ್ತಲಿನ ಗಾಳಿಗೆ ಹೋಲಿಸಿದ ವೇಗ) ಹಾರಿಸ್ತಿದ್ದಾರೆ, 15 ನಾಟ್ ಗಾಳಿ ಬೀಸ್ತಾ ಇದೆ, ಆಗ ಹೋಗುವಾಗ ನೆಲದ ಮೇಲೆ 75, ಬರುವಾಗ 45. ಟೈಮರಲ್ಲಿ 1.6 ಸೆಕೆಂಡಿಗೊಂದು ಫೋಟೋ ಅಂತ ಇಟ್ಟಿದ್ರೆ ಒಂದು ಕಡೆ 74% ಓವರ್‌ಲ್ಯಾಪ್, ಇನ್ನೊಂದು ಕಡೆ 85%. ಟೈಮರ್ ಬಿಟ್ಟು ಜಿಪಿಎಸ್ ದೂರದ ಲೆಕ್ಕದಲ್ಲಿ ಟ್ರಿಗರ್ ಮಾಡಿದ್ರೆ ಈ ಕಾಟವೇ ಇಲ್ಲ. ಗಾಳಿ ಅಡ್ಡಕ್ಕೆ ಬೀಸಿದ್ರೆ ಹೆಲಿಕಾಪ್ಟರ್ ಮೂಗು ಗಾಳಿ ಕಡೆ ತಿರುಗಿಸ್ಕೊಂಡು ಓರೆಯಾಗಿ ಹೋಗತ್ತೆ, 15 ನಾಟ್‌ಗೆ ಹದಿನಾಲ್ಕು ಹದಿನೈದು ಡಿಗ್ರಿ ಆಗತ್ತೆ, ಫೋಟೋಗಳನ್ನ ಜೋಡಿಸಿ ನೋಡಿದ್ರೆ ಅಂಚು ಗರಗಸದ ಹಲ್ಲಿನ ಹಾಗೆ ಕಾಣತ್ತೆ, ಪಕ್ಕದ ಲೈನಿನ ಜೊತೆ ಓವರ್‌ಲ್ಯಾಪ್ ತಿಂದುಹಾಕತ್ತೆ. ಮೌಂಟ್ ತಿರುಗಿಸೋ ಹಂಗಿದ್ರೆ ಅಷ್ಟೇ ಕೋನ ವಾಪಸ್ ತಿರುಗಿಸಿ, ಇಲ್ಲಾಂದ್ರೆ ಲೈನ್ ಹತ್ತಿರ ಹತ್ತಿರ ಹಾಕಿ.

ಗ್ಯಾಪ್ ನೆಲದ ಒಂದೇ ಜಾಗದಲ್ಲಿ, ಗುಡ್ಡದ ಮೇಲೆ ಮಾತ್ರ ಅಂದ್ರೆ ಪ್ಲಾನಿಂಗ್ ತಪ್ಪು. ಲೈನ್ ಅಂತರ 126 ಮೀಟರ್ ಇಟ್ರೆ ಬಯಲಲ್ಲಿ ಸೈಡ್ ಓವರ್‌ಲ್ಯಾಪ್ 65% ಸಿಗತ್ತೆ. ಅದೇ ಹಾರಾಟದಲ್ಲಿ 200 ಮೀಟರ್ ಎತ್ತರದ ಗುಡ್ಡ ಬಂದ್ರೆ ಅದರ ತಲೆಯ ಮೇಲೆ ಕ್ಯಾಮೆರಾ ಬರೀ 300 ಮೀಟರ್ ಎತ್ತರದಲ್ಲಿರತ್ತೆ, ಫೋಟೋ ಅಗಲ 216ಕ್ಕೆ ಇಳಿಯತ್ತೆ, ಸೈಡ್ ಓವರ್‌ಲ್ಯಾಪ್ 42%. ಓವರ್‌ಲ್ಯಾಪ್ ಲೆಕ್ಕ ಯಾವಾಗ್ಲೂ ಅತೀ ಎತ್ತರದ ನೆಲಕ್ಕೆ ಮಾಡಿ, ಪಿಕ್ಸೆಲ್ ಸೈಜ್ ಲೆಕ್ಕ ಅತೀ ತಗ್ಗಿನ ನೆಲಕ್ಕೆ ಮಾಡಿ.

ಲೈನಿನ ಕೊನೆ ಕೊನೆಗೆ ಮಾತ್ರ ಫೋಟೋ ತಪ್ಪಿಹೋಗ್ತಿದ್ರೆ ಕ್ಯಾಮೆರಾ ಬಫರ್ (ಕಾರ್ಡಿಗೆ ಬರೆಯೋವರೆಗೆ ಫೋಟೋ ಇಟ್ಕೊಳ್ಳೋ ಮೆಮೊರಿ) ತುಂಬಿದೆ, ಕಾರ್ಡ್ ಬರೆಯೋ ವೇಗ ಸಾಲ್ತಿಲ್ಲ. ಲೈನಿನ ಶುರುವಿನ ಫೋಟೋಗಳು ಓರೆಯಾಗಿದ್ರೆ ತಿರುವು ಮುಗಿಸಿ ನೇರ ಆಗೋಕೆ ಪೈಲಟ್‌ಗೆ ಜಾಗ ಕೊಟ್ಟಿಲ್ಲ. 10 ಡಿಗ್ರಿ ವಾಲಿದ್ರೆ ಫೋಟೋ ಮಧ್ಯ 88 ಮೀಟರ್ ಜರುಗತ್ತೆ, ಲೈನ್ ಅಂತರದ ಮುಕ್ಕಾಲು ಭಾಗದ ಹತ್ತಿರ.

ಮ್ಯಾಪ್ ಇರ್ಬೇಕಾದ ಜಾಗದಲ್ಲಿ ಇಲ್ಲ

ಇಲ್ಲೇ ಆ ಐದು ಪ್ರಶ್ನೆಗಳು ಹೆಚ್ಚು ಕೆಲಸಕ್ಕೆ ಬರೋದು. ಕಂಟ್ರೋಲ್ ಪಾಯಿಂಟ್‌ಗಳಿಂದ ಲೆಕ್ಕ ಹಾಕಿದ ಕ್ಯಾಮೆರಾ ಜಾಗಕ್ಕೂ ಜಿಪಿಎಸ್ ಕೊಟ್ಟ ಜಾಗಕ್ಕೂ ಇರೋ ವ್ಯತ್ಯಾಸನ ಪ್ರತಿ ಫೋಟೋಗೆ ಒಂದು ಬಾಣದ ಗುರುತು ಹಾಕಿ ಮ್ಯಾಪ್ ಮೇಲೆ ಬಿಡಿಸಿ. ಬರೀ ಸರಾಸರಿ ನಂಬರ್ ನೋಡ್ಬೇಡಿ, ಎದುರುಬದುರು ದಿಕ್ಕಿನ ಲೈನ್‌ಗಳ ತಪ್ಪು ಒಂದನ್ನೊಂದು ಹೊಡೆದುಹಾಕಿ ಸರಾಸರಿ ಸೊನ್ನೆ ಹತ್ತಿರ ಬಂದು ಮೋಸ ಮಾಡತ್ತೆ.

ಬಾಣಗಳೆಲ್ಲ ಒಂದೇ ಕಡೆ, ಒಂದೇ ಉದ್ದ ಅಂದ್ರೆ ಡೇಟಮ್ (ಅಳತೆಗೆ ಆಧಾರವಾದ ಕೋಆರ್ಡಿನೇಟ್ ಪದ್ಧತಿ) ಅಥವಾ ನೆಲದ ಮೇಲೆ ಇಟ್ಟ ಜಿಪಿಎಸ್ ಬೇಸ್ ಸ್ಟೇಶನ್ ಕೋಆರ್ಡಿನೇಟ್ ತಪ್ಪು. ಅಡ್ಡಕ್ಕೆ ಸರಿ ಇದ್ದು ಎತ್ತರ ಮಾತ್ರ ಎಲ್ಲಾ ಕಡೆ ಒಂದೇ ಸಮ ಹತ್ತಾರು ಮೀಟರ್ ತಪ್ಪಿದ್ರೆ ಎಲಿಪ್ಸಾಯ್ಡ್ ಎತ್ತರಕ್ಕೂ (ಭೂಮಿಯ ಗಣಿತದ ಆಕಾರದಿಂದ ಜಿಪಿಎಸ್ ಅಳೆಯೋ ಎತ್ತರ) ಸಮುದ್ರ ಮಟ್ಟದ ಎತ್ತರಕ್ಕೂ ಗೊಂದಲ ಆಗಿದೆ. ಇವೆರಡರ ನಡುವಿನ ವ್ಯತ್ಯಾಸ ಭೂಮಿ ಮೇಲೆ ಮೈನಸ್ ನೂರು ಮೀಟರ್ ದಾಟಿದ ಕಡೆಯಿಂದ ಪ್ಲಸ್ 80 ಮೀಟರ್ ದಾಟಿದ ಕಡೆವರೆಗೂ ಇದೆ, ಜಾಗಕ್ಕೆ ತಕ್ಕ ಜಿಯಾಯ್ಡ್ ಮಾಡೆಲ್ (ಆ ವ್ಯತ್ಯಾಸದ ಲೆಕ್ಕ) ಹಾಕಿದ್ರೆ ಮುಗೀತು, ಮತ್ತೆ ಹಾರೋದು ಬೇಡ.

ಬಾಣಗಳು ಹಾರೋ ದಿಕ್ಕಿಗೇ ಇವೆ, ಲೈನ್ ತಿರುಗಿದ್ರೆ ಬಾಣವೂ ತಿರುಗತ್ತೆ, ಉದ್ದ 550 ಮೀಟರ್ ಆಸುಪಾಸು ಅಂದ್ರೆ ನೋಡಿದ ಕೂಡಲೇ ಹೇಳಬಹುದು, ಜಿಪಿಎಸ್ ಟೈಮು, ಯುಟಿಸಿ (ಜಗತ್ತಿನ ಗಡಿಯಾರಗಳಿಗೆ ಆಧಾರ ಆಗಿರೋ) ಟೈಮು ಬೆರೆತಿವೆ. 2017ರ ಜನವರಿಯಿಂದ ಇವೆರಡಕ್ಕೂ 18 ಸೆಕೆಂಡ್ ಅಂತರ ಇದೆ, ಸೆಕೆಂಡಿಗೆ 31 ಮೀಟರ್ ಲೆಕ್ಕದಲ್ಲಿ 558 ಮೀಟರ್. ಇದನ್ನ ಕೂತ ಜಾಗದಲ್ಲೇ ಸರಿ ಮಾಡಬಹುದು.

ಅದೇ ಥರ ತಿರುಗೋ ಬಾಣ, ಆದ್ರೆ ಉದ್ದ ಬರೀ ಎರಡು ಮೂರು ಮೀಟರ್ ಅಂದ್ರೆ ಸ್ವಲ್ಪ ತಾಳ್ಮೆ ಬೇಕು, ಯಾಕಂದ್ರೆ ಮೂರು ಬೇರೆ ಬೇರೆ ದೋಷಗಳು ಒಂದೇ ಮುಖ ಹೊತ್ಕೊಂಡು ಬರ್ತವೆ. ಒಂದು, ಟ್ರಿಗರ್ ಕೊಟ್ಟಿದ್ದಕ್ಕೂ ಶಟರ್ ತೆರೆದಿದ್ದಕ್ಕೂ ನಡುವಿನ ತಡ, 0.1 ಸೆಕೆಂಡ್ ತಡ ಅಂದ್ರೆ 3 ಮೀಟರ್. ಎರಡು, ಆಂಟೆನಾದಿಂದ ಕ್ಯಾಮೆರಾವರೆಗಿನ ಅಳತೆ ಹಾಕಿಲ್ಲ ಅಥವಾ ಪ್ಲಸ್ ಮೈನಸ್ ಅದಲು ಬದಲಾಗಿದೆ. ಮೂರು, ಕಂಟ್ರೋಲ್ ಪಾಯಿಂಟ್ ಇಲ್ದೆ ಐಎಂಯು (ವಾಲೋದು ತಿರುಗೋದು ಅಳೆಯೋ ಸೆನ್ಸರ್) ಕೊಡೋ ಕೋನಗಳನ್ನೇ ನಂಬಿ ಆರ್ಥೋ ಮಾಡಿದ್ರೆ, ಐಎಂಯುಗೂ ಕ್ಯಾಮೆರಾಗೂ ನಡುವಿನ ಸಣ್ಣ ಕೋನದ ತಪ್ಪು, 0.1 ಡಿಗ್ರಿಗೆ 500 ಮೀಟರಿಂದ ನೆಲದ ಮೇಲೆ ಸುಮಾರು 90 ಸೆಂಟಿಮೀಟರ್. ಬಿಡಿಸಿ ನೋಡೋದು ಹೀಗೆ. ಒಂದೇ ಲೈನನ್ನ 40 ನಾಟಲ್ಲೊಂದು ಸಲ 80 ನಾಟಲ್ಲೊಂದು ಸಲ ಹಾರಿ. ತಪ್ಪು ಎರಡು ಪಟ್ಟಾದ್ರೆ ಟೈಮಿಂಗ್. ಸ್ಪೀಡಿಗೆ ಅಲ್ಲಾಡದೆ ಎತ್ತರ ಎರಡು ಪಟ್ಟು ಮಾಡಿದಾಗ ಎರಡು ಪಟ್ಟಾದ್ರೆ ಕೋನ. ಯಾವುದಕ್ಕೂ ಬದಲಾಗದೆ ಹಂಗೇ ಕೂತಿದ್ರೆ ಆಂಟೆನಾ ಅಳತೆ. ಟೈಮಿಂಗ್ ಅಂತಾದ್ರೆ ಟ್ರಿಗರ್ ಸಿಗ್ನಲ್ ಬದಲು ಕ್ಯಾಮೆರಾ ಫ್ಲಾಶ್ ಕೂರೋ ಹಾಟ್ ಶೂನಿಂದ ಬರೋ ಸಿಗ್ನಲ್ ತಗೊಂಡು ಜಿಪಿಎಸ್‌ಗೆ ಕೊಡಿ, ಅದು ಶಟರ್ ನಿಜವಾಗಿ ತೆರೆದಾಗಲೇ ಬರತ್ತೆ.

ಇನ್ನೂ ಒಂದಿದೆ, ಇದು ಬಲು ತಲೆ ಕೆಡಿಸತ್ತೆ. ಇಷ್ಟನೇ ಫೋಟೋವರೆಗೆ ಎಲ್ಲಾ ಸರಿ, ಅಲ್ಲಿಂದಾಚೆ ಎಲ್ಲಾ ಫೋಟೋನೂ ಸರಿಯಾಗಿ ಒಂದು ಫೋಟೋ ಅಂತರದಷ್ಟು, ಅಂದ್ರೆ 50 ಮೀಟರ್ ಹತ್ತಿರ ಜರುಗಿವೆ. ಅಲ್ಲಿ ಒಂದು ಫೋಟೋ ತಪ್ಪಿದೆ, ಜಿಪಿಎಸ್ ಗುರುತು (ಫೋಟೋ ತೆಗೆದ ಹೊತ್ತು ಜಾಗದ ದಾಖಲೆ) ಮಾತ್ರ ಬಿದ್ದಿದೆ, ಆಮೇಲಿಂದ ಪ್ರತಿ ಫೋಟೋಗೂ ಅದರ ಹಿಂದಿನ ಗುರುತು ಅಂಟ್ಕೊಂಡಿದೆ. ಫೋಟೋ ಎಣಿಕೆ, ಗುರುತು ಎಣಿಕೆ ಎರಡನ್ನೂ ಮೊದಲೇ ಹೋಲಿಸಿದ್ರೆ ಇದು ಎರಡು ನಿಮಿಷದ ಕೆಲಸ. ಗುರುತು ಜಾಸ್ತಿ ಇದ್ರೆ ಕ್ಯಾಮೆರಾ ಫೋಟೋ ಬಿಟ್ಟಿದೆ ಇಲ್ಲಾ ಸ್ವಿಚ್ಚು ಒಂದೇ ಒತ್ತಿಗೆ ಎರಡು ಸಿಗ್ನಲ್ ಕಳಿಸಿದೆ. ಫೋಟೋ ಜಾಸ್ತಿ ಇದ್ರೆ ಗುರುತು ಕೊಡೋ ವೈರ್ ಸಡಿಲ. ಜೋಡಿಸುವಾಗ ಫೋಟೋ ಫೈಲಿನೊಳಗಿನ ಟೈಮಿನ ಅಂತರ ಮತ್ತು ಗುರುತುಗಳ ಅಂತರ ಎರಡನ್ನೂ ಪಕ್ಕ ಪಕ್ಕ ಇಟ್ರೆ ತಪ್ಪಿದ ಜಾಗ ಎದ್ದು ಕಾಣತ್ತೆ.

ಬಾಣಗಳಿಗೆ ಯಾವ ತಾಳಮೇಳವೂ ಇಲ್ಲ, ಒಂದೊಂದು ಒಂದೊಂದು ಕಡೆ ಅಂದ್ರೆ ಜಿಪಿಎಸ್ ಸಿಗ್ನಲ್ಲೇ ಕೆಟ್ಟಿದೆ. ಆಂಟೆನಾನ ರೋಟರ್ ಬ್ಲೇಡುಗಳ ಕೆಳಗೆ ಇಟ್ಟಿದ್ರೆ ಬ್ಲೇಡ್ ಸುತ್ತೋ ಪ್ರತಿ ಸಲವೂ ಸಿಗ್ನಲ್ ಕತ್ತರಿಸತ್ತೆ, ರಿಸೀವರ್ ಕ್ಯಾರಿಯರ್ ಲಾಕ್ (ಸಿಗ್ನಲ್ ಅಲೆಯ ಮೇಲಿನ ಹಿಡಿತ) ಕಳ್ಕೊಳ್ಳತ್ತೆ. ಬ್ಲೇಡುಗಳ ವ್ಯಾಪ್ತಿಯಿಂದ ಆದಷ್ಟು ಆಚೆ, ಟೈಲ್ ಕಡೆ ಅಪ್ರೂವಲ್ ಇರೋ ಜಾಗ ಇದ್ರೆ ಅಲ್ಲಿ ಹಾಕ್ಸಿ, ಆಂಟೆನಾ ಅಳತೆ ಹೊಸದಾಗಿ ತಗೊಳ್ಳಿ.

ನೆಲ ಉಬ್ಬಿದೆ ಅಥವಾ ತಟ್ಟೆ ಥರ ತಗ್ಗಾಗಿದೆ

ಅಂಚಲ್ಲಿ ಸರಿ, ಮಧ್ಯದಲ್ಲಿ ಒಂದಿಷ್ಟು ಮೇಲೆ ಅಥವಾ ಕೆಳಗೆ. ಇದು ಲೆನ್ಸ್ ವಕ್ರತೆಯ ಲೆಕ್ಕ ಸ್ವಲ್ಪ ತಪ್ಪಿದ್ದಕ್ಕೆ ಬರೋದು. ಎಲ್ಲಾ ಫೋಟೋನೂ ನೇರ ಕೆಳಗೆ, ಎಲ್ಲಾ ಲೈನೂ ಸಮಾನಾಂತರ, ಒಂದೇ ಎತ್ತರ ಅಂದ್ರೆ ಲೆನ್ಸಿನ ವಕ್ರತೆ ಯಾವುದು ನೆಲದ ವಕ್ರತೆ ಯಾವುದು ಅಂತ ಬಿಡಿಸೋಕೆ ಸಾಫ್ಟ್‌ವೇರ್‌ಗೆ ಏನೂ ಆಧಾರ ಸಿಗಲ್ಲ, ರೀಪ್ರೊಜೆಕ್ಷನ್ ಎರರ್ (ಲೆಕ್ಕ ಹಾಕಿದ ಪಾಯಿಂಟಿಗೂ ಫೋಟೋದಲ್ಲಿ ಕಂಡ ಪಾಯಿಂಟಿಗೂ ಇರೋ ವ್ಯತ್ಯಾಸ) ಅರ್ಧ ಪಿಕ್ಸೆಲ್ ತೋರಿಸ್ತಾ ಇದ್ರೂ ನೆಲ ಉಬ್ಬಿರತ್ತೆ. ಆ ನಂಬರ್ ಚೆನ್ನಾಗಿದೆ ಅಂತ ಸಮಾಧಾನ ಪಟ್ಕೊಳ್ಳೋದು ಅಪಾಯ. ಲೆಕ್ಕಕ್ಕೆ ಸೇರಿಸದೆ ಬೇರೆ ಇಟ್ಟ ಚೆಕ್ ಪಾಯಿಂಟುಗಳು, ಅದೂ ಜಾಗದ ಮಧ್ಯದಲ್ಲಿ ಇರೋವು ಮಾತ್ರ ಇದನ್ನ ತೋರಿಸಿಕೊಡ್ತವೆ. ಮಧ್ಯದಲ್ಲಿ ಒಂದೆರಡು ಕಂಟ್ರೋಲ್ ಪಾಯಿಂಟ್ ಸೇರಿಸಿದ್ರೆ ಸುಮಾರಿಗೆ ಇಳಿಯತ್ತೆ. ಬುಡದಿಂದ ಸರಿ ಆಗ್ಬೇಕಂದ್ರೆ ಅಡ್ಡಕ್ಕೆ ಒಂದೆರಡು ಲೈನ್ ಬೇರೆ ಎತ್ತರದಲ್ಲಿ, ಜೊತೆಗೆ 15-20 ಡಿಗ್ರಿ ಓರೆಯಾಗಿ ಒಂದಿಷ್ಟು ಫೋಟೋ. ಹೆಲಿಕಾಪ್ಟರ್‌ನಲ್ಲಿ ಇದು ಸುಲಭ, ಕೊನೆಗೆ ಜಾಗದ ಸುತ್ತ ಒಂದು ಸುತ್ತು ಹಾಕಿಸಿದ್ರೆ ಸಾಕು.

ಬೆಳಕಿನ ತೊಂದರೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸೂರ್ಯ 30 ಡಿಗ್ರಿಗಿಂತ ಕೆಳಗಿದ್ರೆ ನೆರಳು ಉದ್ದ ಆಗಿ ನೆರಳೊಳಗಿನ ನೆಲ ಸಿಗಲ್ಲ. ಸೂರ್ಯ ನೆತ್ತಿ ಮೇಲಿದ್ರೆ ಹೆಲಿಕಾಪ್ಟರ್ ನೆರಳಿನ ಸುತ್ತ ಬಿಳಿ ಕಲೆ ಬಂದು ಫ್ರೇಮಿನ ಒಂದೇ ಜಾಗದಲ್ಲಿ ಪ್ರತಿ ಫೋಟೋದಲ್ಲೂ ಕಾಣತ್ತೆ. ಎಕ್ಸ್‌ಪೋಶರ್ ಮ್ಯಾನ್ಯುಯಲ್ ಇಡಿ, ಪೋಲರೈಸರ್ ಬೇಡ, ಅದು ಲೈನ್ ತಿರುಗಿದ ಕೂಡಲೇ ಬಣ್ಣ ಬದಲಾಯಿಸತ್ತೆ.

ಮತ್ತೆ ಹಾರಬೇಕಾ

ಟೈಮ್ ಅಂತರ, ಆಂಟೆನಾ ಅಳತೆ, ಡೇಟಮ್, ಜಿಯಾಯ್ಡ್, ಫೋಟೋ ಗುರುತು ಅದಲು ಬದಲು, ಕೋನದ ತಪ್ಪು ಇವೆಲ್ಲ ಆಫೀಸಲ್ಲೇ ಸರಿ ಹೋಗ್ತವೆ, ಕಚ್ಚಾ ಫೈಲುಗಳನ್ನ ಅಳಿಸಿರ್ಬಾರ್ದು ಅಷ್ಟೇ. ಮಸುಕು, ಗ್ಯಾಪ್, ನಡುಕದಿಂದ ಬಂದ ಅಲೆ ಇವಕ್ಕೆ ಹಾರಾಟವೇ ಗತಿ. ನೆಲ ಉಬ್ಬೋ ದೋಷ ಇವೆರಡು ಗುಂಪಿನ ನಡುವಿನದು, ನೆಲದ ಮೇಲೆ ಹೋಗಿ ಹೊಸ ಕಂಟ್ರೋಲ್ ಪಾಯಿಂಟ್ ಅಳೆದು ತಂದ್ರೆ ಕೆಲವು ಸಲ ಹಾರಾಟ ತಪ್ಪಿಸಬಹುದು, ಫೋಟೋದಲ್ಲಿ ಸ್ಪಷ್ಟ ಕಾಣೋ ಬಾವಿ ಕಟ್ಟೆ ಮೂಲೆ, ರಸ್ತೆ ಗೆರೆ ತುದಿ ಇಂಥವು ಸಿಕ್ಕಿದ್ರೆ.

ಹಾರಲೇಬೇಕು ಅಂದ್ರೆ ಪೂರ್ತಿ ಜಾಗ ಬೇಡ. ಕೆಟ್ಟ ಲೈನ್ ಮತ್ತು ಅದರ ಎರಡೂ ಪಕ್ಕದ ಒಂದೊಂದು ಒಳ್ಳೇ ಲೈನ್ ಸೇರಿಸಿ ಹಾರಿ, ಹೊಸದು ಹಳೇದಕ್ಕೆ ಗಟ್ಟಿಯಾಗಿ ಹೊಲೀಬೇಕಲ್ಲ. ಅದೇ ಹೊತ್ತಿಗೆ ಹಾರಿ, ನೆರಳು ಒಂದೇ ಕಡೆ ಬಿದ್ರೆ ಸಾಫ್ಟ್‌ವೇರ್‌ಗೆ ಎರಡು ದಿನದ ಫೋಟೋ ಹೊಂದಿಸೋದು ಸುಲಭ, ಬೆಳಿಗ್ಗೆ ಒಂದು ಸಂಜೆ ಒಂದು ಅಂತಾದ್ರೆ ಪಾಯಿಂಟ್‌ಗಳೇ ಸಿಗದೆ ಎರಡು ಪದರ ಆಗಿ ನಿಲ್ಲತ್ತೆ. ಲೆನ್ಸ್, ಫೋಕಸ್ ಟೇಪ್ ಏನಾದ್ರೂ ಮುಟ್ಟಿದ್ರೆ ಸಾಫ್ಟ್‌ವೇರ್‌ನಲ್ಲಿ ಅದನ್ನ ಬೇರೆ ಕ್ಯಾಮೆರಾ ಅಂತಲೇ ಹಾಕಿ. ಮೊದಲ ಲೈನ್ ಮುಗಿದ ಕೂಡಲೇ ತಿರುವಲ್ಲಿ ಮೂರು ಫೋಟೋ 100% ಜೂಮ್ ಮಾಡಿ ನೋಡಿ, ಫೋಟೋ ಎಣಿಕೆ ಗುರುತು ಎಣಿಕೆ ಹೋಲಿಸಿ, ಹೊಂದಿದ್ರೆ ಪೈಲಟ್‌ಗೆ ಮುಂದಿನ ಲೈನ್ ಹೇಳಿ, ಇಲ್ಲಾಂದ್ರೆ ಅಲ್ಲಿಗೇ ನಿಲ್ಲಿಸಿ ಇಳೀರಿ.